ಸಂಕ್ರಮಣ ಕಳೆಯಲಿ

ಮೀನು ಮಾರಿ ಬಂದ ಮೇಲೆ ಮೊದಲು ಬಚ್ಚಲು, ಆಮೇಲೆ ಜಗಲಿ ಎಂಬ ಕಟ್ಟಳೆಯನ್ನು ಗುಣವತಿ ತನಗೆ ತಾನೇ ಹಾಕಿಕೊಂಡದ್ದು ಜುಲೈ ತಿಂಗಳ ಎರಡನೇ ವಾರದಲ್ಲಿ. ಅದಕ್ಕೆ ಮೊದಲು ಮೂವತ್ತು ವರ್ಷ ಅವಳು ಕಾಪುವಿನ ಮಾರ್ಕೆಟಿನಿಂದ ಬಂದವಳೇ ಬುಟ್ಟಿಯನ್ನು ಬಾವಿಕಟ್ಟೆಯ ಬಳಿ ಕವುಚಿ ಹಾಕಿ, ಕಾಲಿಗೆ ಒಂದು ಚೆಂಬು ನೀರು ಹೊಯ್ದುಕೊಂಡು, ನೇರ ಅಡುಗೆಮನೆಗೆ ನುಗ್ಗಿ ಗಂಜಿ ಬಡಿಸಿಕೊಳ್ಳುತ್ತಿದ್ದಳು. ಮೀನಿನ ವಾಸನೆ ಆ ಮನೆಯಲ್ಲಿ ಯಾರಿಗೂ ವಾಸನೆಯೇ ಆಗಿರಲಿಲ್ಲ. ಗಂಡ ಶೀನ ನಲವತ್ತು ವರ್ಷ ಬೋಟಿಗೆ ಹೋದವನು. ಈಗ ಮೊಣಕಾಲು ಹಿಡಿದುಹೋಗಿ, ಜಗಲಿಯಲ್ಲಿ ಕೂತು ಊರವರ ಹರಿದ ಬಲೆಗಳನ್ನು ಸರಿಮಾಡುತ್ತಾನೆ. ಮಗ ಜಿತೇಶ್ ಮಲ್ಪೆಯ ಬೋಟೊಂದರಲ್ಲಿ ಎಂಜಿನ್ ನೋಡಿಕೊಳ್ಳುವವನು. ಸೊಸೆ ವಿಜೇತಾ ಮಾತ್ರ ಕಾರ್ಕಳದ ಕಡೆಯ ಬೇಸಾಯದ ಮನೆಯಿಂದ ಬಂದವಳು. ಅವಳೂ ಮದುವೆಯಾದ ಎರಡು ವರ್ಷದಲ್ಲಿ ಬೂತಾಯಿ ಮೀನಿನ ಪುಳಿಮುಂಚಿ ಸಾರನ್ನು ಅತ್ತೆಗಿಂತ ಚೆನ್ನಾಗಿ ಮಾಡಲು ಕಲಿತಿದ್ದಳು.

ಆ ದಿನ ಗುಣವತಿ ಒಳಗೆ ಬರುವುದಕ್ಕೂ ವಿಜೇತಾ ಹೊರಗೆ ಬರುವುದಕ್ಕೂ ಸರಿಹೋಯಿತು. ವಿಜೇತಾ ಶಾಲನ್ನು ಮೂಗಿಗೆ ಒತ್ತಿಕೊಂಡು ಹಿತ್ತಿಲಿಗೆ ಓಡಿದಳು. ತೆಂಗಿನ ಬುಡದಲ್ಲಿ ಓಕರಿಸುವ ಸದ್ದು ಜಗಲಿಯವರೆಗೂ ಕೇಳಿತು.

"ಎಂತ ಆಯ್ತು ಅವಳಿಗೆ?" ಶೀನ ಬಲೆಯಿಂದ ತಲೆ ಎತ್ತಿದ.

"ನೀವು ನಿಮ್ಮ ಬಲೆ ನೋಡಿ," ಎಂದು ಗುಣವತಿ ಹಿಂದೆಯೇ ಹೋದಳು. ಹೋದವಳು ಹತ್ತು ಹೆಜ್ಜೆ ದೂರದಲ್ಲೇ ನಿಂತಳು, ಏಕೆಂದರೆ ಅವಳು ಹತ್ತಿರ ಬಂದಷ್ಟೂ ಹುಡುಗಿಗೆ ಹೊಟ್ಟೆ ತೊಳೆಸುತ್ತಿತ್ತು.

"ಎಷ್ಟು ದಿನ ಮುಂದೆ ಹೋಗಿದೆ?"

"ಆರು ದಿನ ಮಾಮಿ." ಅತ್ತೆಯನ್ನು ವಿಜೇತಾ ಮಾಮಿ ಎಂದೇ ಕರೆಯುವುದು. "ನಿನ್ನೆ ಮೆಡಿಕಲ್‌ನಿಂದ ತಂದು ನೋಡಿದೆ. ಎರಡು ಗೆರೆ ಬಂತು."

"ಯಾರಿಗೆ ಹೇಳಿದ್ದಿ?"

"ಇವರಿಗೆ ಮಾತ್ರ."

"ಇನ್ನು ಯಾರಿಗೂ ಹೇಳಬೇಡ. ನಿನ್ನ ಕೆಲಸದ ಅಂಗಡಿಯಲ್ಲೂ ಬೇಡ. ನಿನ್ನ ಅಮ್ಮನಿಗೂ ಸದ್ಯಕ್ಕೆ ಬೇಡ." ಗುಣವತಿಗೆ ಅವಳನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು. ಆದರೆ ಮೈತುಂಬ ಬಂಗುಡೆ ಮೀನಿನ ನೀರು. "ನಾನು ಮಿಂದು ಬರ್ತೇನೆ," ಎಂದಳು.

ಯಾರಿಗೂ ಹೇಳಬೇಡ ಎನ್ನುವುದಕ್ಕೆ ಕಾರಣ ಇತ್ತು. ಹೋದ ವರ್ಷ ಇದೇ ಎರಡು ಗೆರೆ ಕಂಡ ಮರುದಿನವೇ ಗಂಡ ಹೆಂಡತಿ ಉಡುಪಿಯ ಒಬ್ಬ ಲೇಡಿ ಡಾಕ್ಟರರ ಕ್ಲಿನಿಕ್ಕಿಗೆ ಹೋಗಿದ್ದರು. ಆಗ ಐದು ವಾರವೂ ತುಂಬಿರಲಿಲ್ಲ. ಗುಣವತಿ ಅದೇ ಸಂಜೆ ಒಂದು ಕಿಲೋ ಲಾಡು ತರಿಸಿ ಮಾರ್ಕೆಟಿನಲ್ಲಿ ತನ್ನ ಸಾಲಿನ ಹೆಂಗಸರಿಗೆಲ್ಲ ಹಂಚಿದ್ದಳು. ಏಳನೇ ವಾರದಲ್ಲಿ ಎಲ್ಲ ಹೋಯಿತು. "ಒಳಗೆ ಸರಿಯಾಗಿ ಕೂರುವ ಮೊದಲೇ ಅಲ್ಲಿ ಇಲ್ಲಿ ಒತ್ತಿ ನೋಡಿದರೆ ನಿಲ್ಲುತ್ತದಾ?" ಎಂದು ಪಕ್ಕದ ಹಲಗೆಯಲ್ಲಿ ಮೀನು ಮಾರುವ ಪುಷ್ಪಾವತಿ ಅಂದಳು. "ಲಾಡು ತಿಂದವರ ಕಣ್ಣೆಲ್ಲ ಒಂದೇ ನಮೂನೆ ಇರುತ್ತದಾ?" ಎಂದು ಇನ್ನೊಬ್ಬಳು. ಆ ಲಾಡು ಹಂಚಿದ ಕೈಯನ್ನು ಗುಣವತಿ ಎಷ್ಟು ದಿನ ತಿರುಗಿಸಿ ತಿರುಗಿಸಿ ನೋಡಿಕೊಂಡಿದ್ದಳೋ!

ಇನ್ನೊಂದು ವಿಷಯವೂ ಇತ್ತು. ಅದು ಅವಳಿಗೊಬ್ಬಳಿಗೇ ಗೊತ್ತಿದ್ದದ್ದು. ಹೋದ ವರ್ಷ ಕ್ಲಿನಿಕ್ಕಿನಲ್ಲಿ ಎಲ್ಲ ಮುಗಿದು ವಿಜೇತಾ ಮಂಪರಿನಲ್ಲಿ ಮಲಗಿದ್ದಾಗ, ಜಿತೇಶ್ ಮದ್ದು ತರಲು ಹೋಗಿದ್ದಾಗ, ಡಾಕ್ಟರು ಗುಣವತಿಯನ್ನು ಕರೆದು ಫೈಲು ಕೈಗಿತ್ತಿದ್ದರು. "ನೋಡಿ ಅಮ್ಮ, ಇದು ಯಾರ ತಪ್ಪಿನಿಂದಲೂ ಆದದ್ದಲ್ಲ. ಆದರೆ ಮುಂದಿನ ಸಲ ತಡ ಮಾಡಬೇಡಿ. ಮುಟ್ಟು ನಿಂತರೆ ಆರನೇ ವಾರಕ್ಕೇ ಬನ್ನಿ. ಗರ್ಭ ಸರಿಯಾದ ಜಾಗದಲ್ಲಿ ಕೂತಿದೆಯಾ ಅಂತ ನಾನು ನೋಡಲೇಬೇಕು. ಇವಳಿಗೆ ಹೇಳ್ತೀರಲ್ಲ?"

ಗುಣವತಿ ಹೂಂ ಅಂದಿದ್ದಳು. ಫೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತನ್ನ ಸೀರೆಗಳ ಅಡಿಯಲ್ಲಿ ಇಟ್ಟಿದ್ದಳು. ಹೇಳಿರಲಿಲ್ಲ. ಮೊದಲು, ಹುಡುಗಿ ಅಳುತ್ತಿದ್ದಾಳೆ, ಈಗ ಬೇಡ ಎಂದುಕೊಂಡಳು. ಆಮೇಲೆ, ಡಾಕ್ಟರಲ್ಲಿಗೆ ಬೇಗ ಹೋದದ್ದರಿಂದಲೇ ಗರ್ಭ ಹೋದದ್ದಲ್ಲವಾ, ಮತ್ತೆ ಬೇಗ ಬನ್ನಿ ಎನ್ನುತ್ತಾರಲ್ಲ ಎಂದುಕೊಂಡಳು. ಹೀಗೆ ಆ ಮಾತು ಅವಳಲ್ಲೇ ಉಳಿಯಿತು.

ಮಧ್ಯಾಹ್ನ ಊಟಕ್ಕೆ ಕೂತಾಗ ಜಿತೇಶನೇ ವಿಷಯ ತೆಗೆದ. ಮಳೆಗಾಲದ ನಿಷೇಧದಿಂದ ದೊಡ್ಡ ಬೋಟುಗಳೆಲ್ಲ ಬಂದರಿನಲ್ಲಿ ನಿಂತಿದ್ದವು, ಮಾರ್ಕೆಟಿಗೆ ಬರುತ್ತಿದ್ದದ್ದು ನಾಡದೋಣಿಯ ಮೀನು. ಅವನು ಮನೆಯಲ್ಲೇ ಇದ್ದ.

"ಅಮ್ಮ, ಮುಂದಿನ ವಾರ ಡಾಕ್ಟರಲ್ಲಿಗೆ ಹೋಗಿ ಬರ್ತೇವೆ."

"ಮುಂದಿನ ವಾರ ಆಟಿ ತಿಂಗಳು ಶುರು," ಎಂದಳು ಗುಣವತಿ, ಮಗನ ಬಟ್ಟಲಿಗೆ ತಿಳಿಸಾರು ಹೊಯ್ಯುತ್ತಾ. ಆ ದಿನದಿಂದ ಆ ಮನೆಯಲ್ಲಿ ಮೀನು ಬೇಯಿಸುವುದು ನಿಂತಿತ್ತು. "ಆಟಿಯಲ್ಲಿ ಯಾರಾದರೂ ಹೊಸತು ಶುರುಮಾಡ್ತಾರಾ?"

"ಹಾಗಾದರೆ ನಾಳೆ ಹೋಗುವ. ಆಟಿಗೆ ಇನ್ನೂ ಐದು ದಿನ ಉಂಟಲ್ಲ."

"ನಾಳೆ ಹೋದರೆ ಐದನೇ ವಾರ. ಕಳೆದ ಸಲ ಐದನೇ ವಾರಕ್ಕೆ ಓಡಿದ್ದೀರಲ್ಲ, ಎಂತ ಸಿಕ್ಕಿತು?"

ಶೀನ ಉಪ್ಪಿನಕಾಯಿ ನೆಕ್ಕುತ್ತಾ, "ನನ್ನನ್ನು ಯಾರೂ ಕೇಳುವುದಿಲ್ಲ. ಕೇಳಿದರೆ ಹೇಳ್ತೇನೆ. ಎಂಜಿನ್ ನೋಡದೆ ಬೋಟು ಇಳಿಸ್ತಾರಾ?" ಎಂದ.

"ಹೊಟ್ಟೆ ಬೋಟಲ್ಲ ಮಾರಾಯ್ರೆ. ನಿಮಗೆ ಎಲ್ಲದಕ್ಕೂ ಬೋಟು. ನನ್ನ ಹೆರಿಗೆಗೆ ನೀವು ಯಾವ ಡಾಕ್ಟರನ್ನು ಕರೆದುಕೊಂಡು ಬಂದಿದ್ದಿರಿ? ಆಗ ಕಾರವಾರದ ಕಡೆ ತಿರುಗ್ತಿದ್ದಿರಿ."

"ಆ ಕಾಲ ಬೇರೆ ಮಾರಾಯ್ತಿ."

"ಆ ಕಾಲದಲ್ಲಿ ಮೂರು ತಿಂಗಳು ತುಂಬದೆ ಬಾಯಿ ಬಿಡ್ತಿರಲಿಲ್ಲ. ಅದು ಒಳ್ಳೆಯದೇ ಇತ್ತು."

ಜಿತೇಶ್ ಹೆಂಡತಿಯ ಮುಖ ನೋಡಿದ. "ನೀನು ಹೇಳು ವಿಜೇತಾ. ಹೋಗುವವಳು ನೀನು."

ವಿಜೇತಾ ಅನ್ನವನ್ನು ಬಟ್ಟಲಿನ ಅಂಚಿಗೆ ದೂಡುತ್ತಿದ್ದಳು. "ನನಗೂ ಹೆದರಿಕೆ ಆಗ್ತದೆ," ಎಂದಳು. "ಆ ಸ್ಕ್ಯಾನಿನ ಮೇಜಿನಲ್ಲಿ ಮತ್ತೆ ಮಲಗ್ಲಿಕ್ಕೆ... ಮಾಮಿ ಹೇಳಿದ ಹಾಗೇ ಆಗ್ಲಿ. ಕಾಯುವ."

ಗುಣವತಿ ಎದ್ದು ಕೈ ತೊಳೆದು ಬಂದವಳೇ ಗೋಡೆಯ ಕ್ಯಾಲೆಂಡರಿನ ಆಗಸ್ಟ್ ಹಾಳೆ ತೆಗೆದಳು. ಆಟಿ ಮುಗಿದು ಸೋಣ ತಿಂಗಳು ಹುಟ್ಟುವ ಸಂಕ್ರಮಣ ಹದಿನೇಳಕ್ಕೆ. ಹದಿನೆಂಟರ ಮೇಲೆ ಪೆನ್ಸಿಲಿನಿಂದ ಸಣ್ಣ ಚುಕ್ಕಿ ಇಟ್ಟಳು. ಹೊರಗಿನವರು ನೋಡಿದರೆ ಹಾಲಿನ ಲೆಕ್ಕವೋ ಗ್ಯಾಸಿನ ದಿನವೋ ಅಂದುಕೊಳ್ಳುವ ಹಾಗೆ. "ಈ ದಿನ ನಾನೇ ಕರೆದುಕೊಂಡು ಹೋಗ್ತೇನೆ," ಎಂದಳು.

ಆಮೇಲೆ ನಾಲ್ಕು ವಾರ ಆ ಮನೆ ಪಿಸುಮಾತಿನಲ್ಲೇ ನಡೆಯಿತು. ಗುಣವತಿ ಮಾರ್ಕೆಟಿನಿಂದ ಬಂದು ಹಿತ್ತಿಲ ದಾರಿಯಿಂದಲೇ ಬಚ್ಚಲು ಹೊಕ್ಕು, ಹುಳಿ ತಿಕ್ಕಿ, ಸಾಬೂನು ತಿಕ್ಕಿ, ಕೊನೆಗೆ ಲಿಂಬೆ ಎಲೆ ಹಿಸುಕಿ ಉಗುರ ಸಂದಿಗೆಲ್ಲ ಉಜ್ಜುತ್ತಿದ್ದಳು. ತಲೆಗೂ ಸ್ನಾನ. ಮಳೆಯಲ್ಲಿ ದಿನಾ ತಲೆಗೆ ನೀರು ಹಾಕಿ ಅವಳಿಗೇ ಶೀತವಾಯಿತು. "ಮದುಮಗಳ ಹಾಗೆ ಗಂಟೆಗಟ್ಟಲೆ ಬಚ್ಚಲಲ್ಲಿ ಇರ್ತಾಳೆ," ಎಂದು ಶೀನ ನಗಾಡಿದ. ಮಿಂದು ಬಂದು ಅವಳು ಸೊಸೆಯ ಎದುರು ಕೈ ಚಾಚುತ್ತಿದ್ದಳು. "ನೋಡು, ಬರ್ತದಾ?"

ವಿಜೇತಾ ಮೂಸುತ್ತಿದ್ದಳು. "ಸ್ವಲ್ಪ ಉಂಟು ಮಾಮಿ. ಹೆಬ್ಬೆಟ್ಟಿನಲ್ಲಿ."

ಗುಣವತಿ ಮತ್ತೆ ಹೋಗುತ್ತಿದ್ದಳು. ಆ ಹೆಬ್ಬೆಟ್ಟಿನ ವಾಸನೆ ಅವಳಿಗೆ ಖುಷಿಯ ಸಂಗತಿ. ವಾಕರಿಕೆ ಬಂದಷ್ಟೂ ಒಳಗಿನದು ಗಟ್ಟಿ ಎಂದು ಅವಳ ಲೆಕ್ಕ.

ಆಟಿ ಅಮಾವಾಸ್ಯೆಯ ಬೆಳಿಗ್ಗೆ ಶೀನ ಹಾಲೆ ಮರದ ತೊಗಟೆ ಕೆತ್ತಿ ತಂದ. ಕಹಿ ಕಷಾಯವನ್ನು ಮನೆಯವರೆಲ್ಲ ಕುಡಿಯುವುದು ಪದ್ಧತಿ. ಬಸುರಿಗೆ ಅದು ಆಗದು. ಆದರೆ ಕುಡಿಯದಿದ್ದರೆ ನೆರೆಯವರಿಗೆ ಗೊತ್ತಾಗುತ್ತದೆ. ಗುಣವತಿ ಸೊಸೆಯ ಲೋಟಕ್ಕೆ ಬೆಲ್ಲದ ನೀರು ಹಾಕಿ ಎಲ್ಲರ ಎದುರು ಕೊಟ್ಟಳು. ವಿಜೇತಾ ಮುಖ ಕಿವುಚಿ ಕುಡಿದಳು. ಒಳಗೆ ಬಂದು ಇಬ್ಬರೂ ಬಾಯಿಗೆ ಸೆರಗು ಒತ್ತಿ ನಕ್ಕರು. ಅತ್ತೆ ಸೊಸೆ ಹಾಗೆ ನಕ್ಕದ್ದು ಆ ವರ್ಷ ಅದೇ ಮೊದಲು.

ಎರಡು ದಿನ ಬಿಟ್ಟು ಆಶಾ ಕಾರ್ಯಕರ್ತೆ ಬೆನೆಡಿಕ್ಟಾ ಬಾಯಿ ಕೊಡೆ ಮಡಚಿ ಜಗಲಿಗೆ ಬಂದರು. ಅವರು ಗುಣವತಿಯ ಖಾಯಂ ಗಿರಾಕಿ. ಶುಕ್ರವಾರಕ್ಕೆ ಮೀನು ಅವಳಲ್ಲೇ.

"ಗುಣವತಿ, ನಿಮ್ಮ ಮನೆಯಲ್ಲಿ ಹೊಸ ಸುದ್ದಿ ಎಂತಾದ್ರೂ ಉಂಟಾ? ನಾನು ಪಟ್ಟಿ ಮಾಡ್ತಿದ್ದೇನೆ."

"ಎಂತದೂ ಇಲ್ಲ ಬಾಯಿ."

"ಸೊಸೆ ಬಸ್‌ಸ್ಟ್ಯಾಂಡಿನಲ್ಲಿ ಬಾಯಿಗೆ ಕರ್ಚೀಫ್ ಹಿಡಿದು ನಿಂತದ್ದು ನೋಡಿದೆ."

"ಆ ಬಸ್ಸಿನ ಹೊಗೆಗೆ ನಿಮಗೂ ಬರ್ತದೆ."

ಬೆನೆಡಿಕ್ಟಾ ಬಾಯಿ ಪುಸ್ತಕ ಮುಚ್ಚಿದರು. "ಇದ್ದರೆ ಹೇಳಿ. ಹೆಸರು ಬರೆಸುವುದಕ್ಕೆ ಆಟಿ ಗೀಟಿ ನೋಡ್ಬೇಡಿ. ಮೊದಲ ತಪಾಸಣೆ ಬೇಗ ಆದಷ್ಟೂ ಒಳ್ಳೆಯದು. ಅದೂ ಒಮ್ಮೆ ಹೋದವಳಿಗೆ."

"ಇದ್ದರೆ ನಿಮಗೆ ಹೇಳದೆ ಇರ್ತೇನಾ?" ಎಂದಳು ಗುಣವತಿ. ಒಳಗೆ ಹೋಗಿ ಎರಡು ಲೋಟ ನೀರು ಕುಡಿದಳು. ಆ ದಿನ ಲೆಕ್ಕ ಹಾಕಿದರೆ ಎಂಟನೇ ವಾರ. ಆರನೆಯದು ದಾಟಿ ಹೋಗಿತ್ತು. ದಾಟಿದರೂ ಎಂತದೂ ಆಗಲಿಲ್ಲವಲ್ಲ ಎಂದು ಅವಳು ಒಲೆಯ ಎದುರು ನಿಂತು ತನಗೆ ತಾನೇ ಹೇಳಿಕೊಂಡಳು.

ಆಗಸ್ಟ್ ಆರಕ್ಕೆ ಜಿತೇಶನ ಬೋಟು ಕಡಲಿಗೆ ಇಳಿಯಿತು. ಮೊದಲ ಟ್ರಿಪ್ಪು, ಹತ್ತು ದಿನದ್ದು. ಹೊರಡುವಾಗ ಅವನು ತಾಯಿಗೆ ಹೇಳಿದ್ದು ಒಂದೇ ಮಾತು: "ಹದಿನೆಂಟಕ್ಕೆ ಮಾತ್ರ ತಪ್ಪಿಸ್ಬೇಡಿ ಅಮ್ಮ."

ಒಂಬತ್ತಕ್ಕೆ, ಭಾನುವಾರ, ವಿಜೇತಾ ಅಕ್ಕಿ ಆರಿಸುತ್ತಿದ್ದವಳು ಗೆರಸೆ ಕೆಳಗಿಟ್ಟು ಎಡಬದಿ ಹಿಡಿದುಕೊಂಡಳು.

"ಮಾಮಿ, ಇಲ್ಲಿ ಹಿಡಿದ ಹಾಗೆ ಆಗ್ತದೆ. ನಿನ್ನೆಯಿಂದ ಉಂಟು. ಬೆಳಿಗ್ಗೆ ಸ್ವಲ್ಪ ಕಲೆಯೂ ಕಂಡಿತು."

ಗುಣವತಿ ಅವಳ ಹತ್ತಿರ ಬಂದು ಕೂತಳು. "ಕೆಂಪಾ?"

"ಅಲ್ಲ, ಕಂದು. ಒಂದು ಚೂರು."

"ಹೋದ ಸಲ ಕೆಂಪೇ ಇತ್ತಲ್ಲ? ಇದು ಹಾಗಲ್ಲ. ಬಸ್ಸಿನ ಕುಲುಕಾಟಕ್ಕೆ ಆದದ್ದು."

"ಡಾಕ್ಟರಲ್ಲಿಗೆ ಒಮ್ಮೆ ಹೋಗುವನಾ ಮಾಮಿ?"

ಈ ಪ್ರಶ್ನೆಯನ್ನು ಗುಣವತಿ ಆಮೇಲೆ ತನ್ನೊಳಗೆ ಎಷ್ಟು ಸಲ ಕೇಳಿಸಿಕೊಂಡಳೋ ಲೆಕ್ಕವಿಲ್ಲ. ಹುಡುಗಿ ಹಟದಿಂದ ಕೇಳಿರಲಿಲ್ಲ. ಹೋಗುವ ಅಂದರೆ ಎದ್ದು ಬರುವವಳು, ಬೇಡ ಅಂದರೆ ಕೂರುವವಳು, ಹಾಗೆ ಕೇಳಿದ್ದಳು. ಗುಣವತಿ ಕ್ಯಾಲೆಂಡರ್ ನೋಡಿದಳು.

"ಇನ್ನು ಎಂಟೇ ದಿನ. ಸಂಕ್ರಮಣ ಕಳೆಯಲಿ ಮಗಾ. ಇಷ್ಟು ದಿನ ಕಾದಾಗಿದೆ. ನಾಳೆ ಅಂಗಡಿಗೆ ರಜೆ ಹಾಕು."

"ರಜೆ ಹಾಕಿದರೆ ಶಾರ್ಲೆಟ್ ಮೇಡಂ ಕಾರಣ ಕೇಳ್ತಾರೆ. ಮಕ್ಕಳ ಪ್ರಾಜೆಕ್ಟ್ ಕೊಡುವ ಸಮಯ, ಅಂಗಡಿ ತುಂಬ ಕೆಲಸ. ಎಂತ ಹೇಳುವುದು?"

ಗುಣವತಿ ಎದ್ದು ಒಲೆ ಹೊತ್ತಿಸಿದಳು. ಜೀರಿಗೆ ಕುದಿಸಿ ನೀರು ಕೊಟ್ಟಳು. ಸಂಜೆಗೆ ನೋವು ಕಡಿಮೆಯಾಯಿತು ಎಂದು ವಿಜೇತಾ ಹೇಳಿದಳು. ಸೋಮವಾರ ಬೆಳಿಗ್ಗೆ ಎಂಟರ ಬಸ್ಸಿಗೆ ಹೋದಳು.

ಮಣಿಪಾಲದಲ್ಲಿ ವಿಜೇತಾ ಕೆಲಸ ಮಾಡುತ್ತಿದ್ದದ್ದು ಕಾಲೇಜು ಮಕ್ಕಳ ಪುಸ್ತಕ ಬೈಂಡ್ ಮಾಡಿ ಕೊಡುವ ಅಂಗಡಿಯಲ್ಲಿ. ಹನ್ನೊಂದೂವರೆಗೆ ಗುಣವತಿಯ ಫೋನು ಬಡಿದುಕೊಂಡಾಗ ಅವಳು ಒಬ್ಬರಿಗೆ ಬಂಗುಡೆ ಕೊಯ್ದು ಕೊಡುತ್ತಿದ್ದಳು. ಒದ್ದೆ ಕೈಯಲ್ಲೇ ಎತ್ತಿದಳು.

"ವಿಜೇತಾಳ ಅತ್ತೆಯಾ? ನಾನು ಶಾರ್ಲೆಟ್, ಅಂಗಡಿಯವಳು. ಅವಳು ಹೆಗಲು ನೋವು ಅಂದಳು, ಹಾಗೇ ಮೆಷಿನ್ ಹತ್ರ ಕುಸಿದಳು. ಆಸ್ಪತ್ರೆಗೆ ತಂದಿದ್ದೇವೆ. ಇಲ್ಲಿ ಗರ್ಭಿಣಿಯಾ ಅಂತ ಕೇಳಿದರು, ನಾನು ಇಲ್ಲ ಅಂದೆ. ನನಗೆ ಗೊತ್ತಿದ್ದದ್ದು ಅಷ್ಟೇ ಅಲ್ವಾ? ಆಮೇಲೆ ಅವಳೇ ಕಣ್ಣು ಬಿಟ್ಟು ಹೂಂ ಅಂದಳು. ಎಷ್ಟು ವಾರ? ಎಲ್ಲಿ ತೋರಿಸಿದ್ದು? ಸ್ಕ್ಯಾನ್ ಎಲ್ಲಿ ಉಂಟು? ಕೇಳ್ತಿದ್ದಾರೆ. ನಾನು ಎಂತ ಹೇಳಲಿ?"

"ಎಲ್ಲಿಯೂ ತೋರಿಸಲಿಲ್ಲ," ಎಂದಳು ಗುಣವತಿ. ಮಾರ್ಕೆಟಿನ ಹೆಂಗಸರೆಲ್ಲ ತಿರುಗಿ ನೋಡಿದರು.

ಮಾರ್ಕೆಟಿನ ಎದುರು ನಿಲ್ಲುವ ವಾಸುವಿನ ರಿಕ್ಷಾದಲ್ಲಿ ಅವಳು ಕೂತದ್ದು ಉಟ್ಟ ಸೀರೆಯಲ್ಲೇ, ಸೊಂಟಕ್ಕೆ ಕಟ್ಟಿದ ಪ್ಲಾಸ್ಟಿಕ್ ಹಾಳೆಯನ್ನೂ ಬಿಚ್ಚದೆ. ಕಟಪಾಡಿ ದಾಟುವಾಗ ಅದನ್ನು ನೋಡಿಕೊಂಡು ಎಳೆದು ತೆಗೆದಳು. ಆಸ್ಪತ್ರೆಯ ಲಿಫ್ಟಿನಲ್ಲಿ ಜನ ಅವಳಿಂದ ಒಂದು ಗೇಣು ದೂರ ಸರಿದರು. ಮಿಂದು ಬರಬೇಕಿತ್ತು, ಹುಡುಗಿಗೆ ಆಗುವುದಿಲ್ಲ ಎಂದು ಅವಳು ಯೋಚಿಸಿದಳು. ಬೇರೆ ಯಾವ ಯೋಚನೆಯೂ ಆಗ ತಲೆಗೆ ಬರಲಿಲ್ಲ.

ಆಪರೇಷನ್ ಮುಗಿದು ಹೊರಗೆ ಬಂದ ಡಾಕ್ಟರು ಮೂವತ್ತು ದಾಟದ ಹೆಣ್ಣು. ಗುಣವತಿಯನ್ನು ಬೆಂಚಿನಲ್ಲಿ ಕೂರಿಸಿ ತಾವೂ ಪಕ್ಕದಲ್ಲಿ ಕೂತರು. ದೂರ ಸರಿಯಲಿಲ್ಲ.

"ಜೀವಕ್ಕೆ ಅಪಾಯ ಇಲ್ಲ. ರಕ್ತ ತುಂಬ ಹೋಗಿದೆ, ಕೊಡ್ತಿದ್ದೇವೆ. ಗರ್ಭ ಗರ್ಭಕೋಶದ ಒಳಗೆ ಇರಲಿಲ್ಲ ಅಮ್ಮ. ಎಡಬದಿಯ ನಳಿಕೆಯಲ್ಲಿ ಕೂತಿತ್ತು. ನಳಿಕೆ ಒಡೆಯಿತು. ತೆಗೆಯಲೇಬೇಕಾಯಿತು."

"ಮಗು?"

"ಆ ಜಾಗದಲ್ಲಿ ಮಗು ಬೆಳೆಯುವುದಿಲ್ಲ. ಅದನ್ನು ಯಾರಿಂದಲೂ ಉಳಿಸಲಿಕ್ಕೆ ಆಗ್ತಿರಲಿಲ್ಲ. ಆದರೆ ಆರು ಏಳು ವಾರಕ್ಕೆ ಬಂದಿದ್ದರೆ ಸ್ಕ್ಯಾನಿನಲ್ಲಿ ಕಾಣ್ತಿತ್ತು. ಮದ್ದಿನಲ್ಲೇ ಮುಗಿಯಬಹುದಿತ್ತು. ನಳಿಕೆ ಉಳಿಯಬಹುದಿತ್ತು. ಬಲಬದಿಯ ನಳಿಕೆಯೂ ಅಷ್ಟು ಚೆನ್ನಾಗಿಲ್ಲ. ಅಂಟಿಕೊಂಡ ಹಾಗೆ ಉಂಟು. ಮುಂದೆ ಗರ್ಭ ತಾನಾಗಿ ನಿಲ್ಲುವುದು ಕಷ್ಟ ಅಂತಲೇ ಹೇಳ್ಬೇಕು. ಮೊದಲಿನ ಸಲದ ಫೈಲ್ ಇದ್ದರೆ ತನ್ನಿ."

ಸಂಜೆ ಕಾರ್ಕಳದಿಂದ ವಿಜೇತಾಳ ತಾಯಿ ಮೋಹಿನಿ ಬಂದಳು. ಅಳುತ್ತಾ ಬರಲಿಲ್ಲ. ಗುಣವತಿಯ ಎದುರು ನಿಂತು, "ಎರಡು ತಿಂಗಳು ದಾಟಿತ್ತಂತೆ," ಎಂದಳು. "ದಿನಾ ಫೋನು ಮಾಡ್ತಿದ್ದೆ. ಊಟ ಆಯ್ತಾ ಕೇಳ್ತಿದ್ದೆ, ಮಳೆ ಉಂಟಾ ಕೇಳ್ತಿದ್ದೆ. ನನಗೊಂದು ಮಾತು ಹೇಳಬಾರದಿತ್ತಾ ಗುಣವತಿಯಕ್ಕ? ನಾನು ಹೆತ್ತವಳಲ್ವಾ? ನನ್ನ ಕಣ್ಣು ಬೀಳ್ತದಾ?"

ಗುಣವತಿ ಬೆಂಚಿನಲ್ಲಿ ಸರಿದು ಅವಳಿಗೆ ಜಾಗ ಮಾಡಿಕೊಟ್ಟಳು.

ಜಿತೇಶನಿಗೆ ವೈರ್‌ಲೆಸ್‌ನಲ್ಲಿ ಸುದ್ದಿ ಮುಟ್ಟಿ, ತಿರುಗಿ ಬರುವ ಬೇರೆ ಬೋಟು ಹತ್ತಿ, ಅವನು ಮಲ್ಪೆಗೆ ಬಂದದ್ದು ಮೂರನೇ ದಿನ. ಅವನು ವಾರ್ಡಿನಲ್ಲಿ ಹೆಂಡತಿಯ ಕಾಲ ಬಳಿ ಕೂತಿದ್ದಾಗಲೇ ಡಾಕ್ಟರು ಗುಣವತಿ ಮನೆಯಿಂದ ತಂದುಕೊಟ್ಟಿದ್ದ ಹಳೆಯ ಫೈಲು ತಿರುವುತ್ತಾ ಕೇಳಿದರು: "ಇಲ್ಲಿ ಬರೆದಿದ್ದಾರಲ್ಲ, ಮುಂದಿನ ಸಲ ಆರನೇ ವಾರಕ್ಕೇ ಬರಬೇಕು ಅಂತ. ನಿಮಗೆ ಯಾರೂ ಹೇಳಲಿಲ್ವಾ?"

"ಇಲ್ಲ ಮೇಡಂ. ನಮಗೆ ಯಾರೂ ಹೇಳಲೇ ಇಲ್ಲ," ಎಂದ ಜಿತೇಶ್.

ವಿಜೇತಾ ಸೀಲಿಂಗ್ ನೋಡುತ್ತಾ ಮಲಗಿದ್ದಳು. "ಆಗ ನನಗೆ ಮಂಪರು ಇತ್ತು," ಎಂದಳಷ್ಟೆ.

ಗುಣವತಿ ಬಾಗಿಲ ಬಳಿ ಗಂಜಿಯ ಕ್ಯಾರಿಯರ್ ಹಿಡಿದು ನಿಂತಿದ್ದಳು. ಬಾಯಿ ತೆರೆದಳು. ಅಷ್ಟರಲ್ಲಿ ನರ್ಸ್ ಬಂದು, ಎಲ್ಲರೂ ಹೊರಗೆ ಹೋಗಿ ಎಂದಳು. ಹೊರಗೆ ಬಂದ ಮೇಲೆ ಹೇಳಬಹುದಿತ್ತು. ಮರುದಿನ ಹೇಳಬಹುದಿತ್ತು. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಕೂತು ಮಾತು ಜೋಡಿಸುತ್ತಿದ್ದಳು. ಮಣಿಪಾಲದ ಏರು ಹತ್ತುವಾಗ ಅದು ಚದುರಿಹೋಗುತ್ತಿತ್ತು.

ಹದಿನೈದಕ್ಕೆ ವಿಜೇತಾಳನ್ನು ಮನೆಗೆ ಬಿಟ್ಟರು. ಮೋಹಿನಿ ಅವತ್ತೇ ತವರಿಗೆ ಕರೆದುಕೊಂಡು ಹೋಗುವ ಅಂದಿದ್ದಳು, ಮತ್ತೆ ಅವಳೇ, "ಆಟಿಯಲ್ಲಿ ಬೇಡ. ಸಂಕ್ರಮಣ ಕಳೆದ ಮೇಲೆ ಬರ್ತೇನೆ," ಎಂದಳು. ಆ ಮಾತು ಕೇಳಿ ಶೀನ ಎದ್ದು ಅಂಗಳಕ್ಕೆ ಹೋದ.

ಮಧ್ಯಾಹ್ನ ವಿಜೇತಾ ಒಳಕೋಣೆಯಲ್ಲಿ ಮಲಗಿದ್ದಳು. ಗಂಡಸರಿಬ್ಬರಿಗೆ ಗುಣವತಿ ಗಂಜಿ ಬಡಿಸಿ, ಹುರುಳಿ ಚಟ್ನಿ ಇಟ್ಟಳು. ಜಿತೇಶ್ ಎರಡು ತುತ್ತು ಉಂಡು ಕೈ ನಿಲ್ಲಿಸಿದ.

"ನಾಡಿದ್ದು ಉಡುಪಿಗೆ ಹೋಗ್ತೇನೆ. ಆ ಡಾಕ್ಟರರ ಕ್ಲಿನಿಕ್ಕಿಗೆ."

"ಎಂತಕ್ಕೆ?" ಎಂದ ಶೀನ.

"ಬರೆದು ಇಟ್ಟರೆ ಸಾಕಾ ಅಪ್ಪ? ಬಾಯಲ್ಲಿ ಒಂದು ಮಾತು ಹೇಳ್ಲಿಕ್ಕೆ ಅವರಿಗೆ ಎಂತ ಆಗಿತ್ತು? ಜನರ ಎದುರೇ ಕೇಳ್ತೇನೆ. ಗಲಾಟೆ ಆದರೆ ಆಗ್ಲಿ. ನನ್ನ ಫ್ರೆಂಡ್ಸ್‌ಗೂ ಹೇಳಿದ್ದೇನೆ."

ಗುಣವತಿ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು. "ಹೋಗ್ಬೇಡ."

"ನೀವು ಸುಮ್ಮನಿರಿ ಅಮ್ಮ."

"ಹೋಗ್ಬೇಡ ಮಗಾ. ಅವರು ಹೇಳಿದ್ದಾರೆ."

"ಯಾರಿಗೆ ಹೇಳಿದ್ದಾರೆ?"

"ನನಗೆ." ಅವಳ ಸ್ವರ ಸಣ್ಣಗಿತ್ತು, ಆದರೆ ನಡುಗಲಿಲ್ಲ. "ನೀನು ಮದ್ದಿಗೆ ಹೋಗಿದ್ದಿ. ಅವಳು ಮಲಗಿದ್ದಳು. ಆರನೇ ವಾರಕ್ಕೇ ಬನ್ನಿ, ಗರ್ಭ ಸರಿಯಾದ ಜಾಗದಲ್ಲಿ ಕೂತಿದೆಯಾ ನೋಡ್ಬೇಕು, ಇವಳಿಗೆ ಹೇಳ್ತೀರಲ್ಲ ಅಂತ ಕೇಳಿದರು. ನಾನು ಹೂಂ ಅಂದೆ. ಫೈಲು ಒಳಗಿಟ್ಟೆ. ಹೇಳಲಿಲ್ಲ."

ಜಿತೇಶ್ ತಾಯಿಯ ಮುಖವನ್ನೇ ನೋಡಿದ. "ಗೊತ್ತಿದ್ದೂ ಆ ಚುಕ್ಕಿ ಇಟ್ಟದ್ದಾ?"

"ಡಾಕ್ಟರಲ್ಲಿಗೆ ಬೇಗ ಹೋದದ್ದಕ್ಕೇ ಕಳೆದ ಸಲ ಹೋಯಿತು ಅಂತ ತಿಳಿದಿದ್ದೆ."

"ತಿಳಿದಿದ್ದಿರಿ! ಪುಷ್ಪಾವತಿ ಹೇಳಿದ್ದು ಕಿವಿಗೆ ಹೋಯಿತು. ಡಾಕ್ಟರು ಹೇಳಿದ್ದು ಹೋಗಲಿಲ್ಲ. ಅಲ್ವಾ ಅಮ್ಮ?"

"ಜಿತ್ತು," ಎಂದ ಶೀನ, "ಸಾಕು."

"ಎಂತ ಸಾಕು? ಅವಳಿಗೆ ಇನ್ನು ಮಕ್ಕಳಾಗ್ಲಿಕ್ಕಿಲ್ಲ. ನೀವು ಸಾಕು ಅಂತೀರಿ." ಅವನು ಬಟ್ಟಲು ದೂಡಿ ಎದ್ದ. ಬಚ್ಚಲಿಗೂ ಹೋಗದೆ ಅಂಗಳದ ಮಳೆಗೆ ಕೈ ಒಡ್ಡಿ ತೊಳೆದುಕೊಂಡು, ಹಾಗೇ ಹೊರಟುಹೋದ.

ಒಳಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಗುಣವತಿ ಅಲ್ಲಿಗೆ ಹೋಗಿ ನಿಂತಳು. ವಿಜೇತಾ ಗೋಡೆಯ ಕಡೆ ತಿರುಗಿ ಮಲಗಿದ್ದಳು, ಎಚ್ಚರ ಇತ್ತು.

"ಕೇಳಿದೆಯಾ ಮಗಾ?"

ವಿಜೇತಾ ಗೋಡೆ ನೋಡುತ್ತಲೇ ಅಂದಳು, "ನೀವು ಹೇಳಿದ್ದರೆ ನಾನು ಹೋಗ್ತಿದ್ದೆ ಮಾಮಿ. ಹೆದರಿಕೆ ಇದ್ದರೂ ಹೋಗ್ತಿದ್ದೆ."

ಸ್ವರದಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಗುಣವತಿಗೆ ಹಗುರವಾಗುತ್ತಿತ್ತು.

ಶೀನ ಒಬ್ಬನೇ ಕೂತು ತಣ್ಣಗಾದ ಗಂಜಿ ಮುಗಿಸಿದ. ಆಮೇಲೆ ಮಗನ ಬಟ್ಟಲನ್ನೂ ತನ್ನ ಬಟ್ಟಲನ್ನೂ ತಾನೇ ಎತ್ತಿಕೊಂಡು ಹೋಗಿ ತೊಳೆದು ಕವುಚಿಟ್ಟ. ಮದುವೆಯಾದಂದಿನಿಂದ ಅವನು ಬಟ್ಟಲು ತೊಳೆದದ್ದನ್ನು ಗುಣವತಿ ನೋಡಿರಲಿಲ್ಲ.

ಹದಿನೇಳಕ್ಕೆ ಸಂಕ್ರಮಣ ಬಂತು. ಸೋಣ ತಿಂಗಳಿಗೆ ಹೊಸ್ತಿಲು ಬರೆಯುವುದು ಆ ಕಡೆಯ ಹೆಂಗಸರ ಕ್ರಮ. ಗುಣವತಿ ಹೊಸ್ತಿಲು ತೊಳೆದು, ಬಿಳಿ ಜೇಡಿಯಿಂದ ಗೆರೆ ಎಳೆದು, ನಾಲ್ಕು ಹೂವು ಇಟ್ಟಳು. ಕೈ ಮುಗಿಯುವಾಗ ಏನು ಬೇಡುವುದೆಂದು ತಿಳಿಯಲಿಲ್ಲ. ಹಾಗೇ ಎದ್ದಳು.

ಹದಿನೆಂಟರ ಬೆಳಿಗ್ಗೆ ಅವಳು ಮಾರ್ಕೆಟಿಗೆ ಹೋದಳು. ಮನೆಯಲ್ಲಿ ಇದ್ದರೆ ಜಿತೇಶ್ ಜಗಲಿಗೆ ಬರುತ್ತಿರಲಿಲ್ಲ, ಅದಕ್ಕೆ. ಬೆನೆಡಿಕ್ಟಾ ಬಾಯಿ ಬಂದು ಹಲಗೆಯ ಮುಂದೆ ನಿಂತರು. ಅರ್ಧ ಕಿಲೋ ಬೂತಾಯಿ ತೆಗೆದುಕೊಂಡು, ಹೋಗುವಾಗ ಗುಣವತಿಯ ಒದ್ದೆ ಮುಂಗೈಯನ್ನು ಒಮ್ಮೆ ಒತ್ತಿ ಹೋದರು.

"ನಿಮಗೆ ಸುಳ್ಳು ಹೇಳಿದೆ ಬಾಯಿ," ಎಂದು ಗುಣವತಿ ಹಿಂದಿನಿಂದ ಹೇಳಿದಳು.

ಅವರು ತಿರುಗಿದರು. "ಗೊತ್ತಿತ್ತು. ನಾನೂ ಇನ್ನೊಂದು ಸಲ ಬರಬೇಕಿತ್ತು."

ಹನ್ನೊಂದಕ್ಕೆ ಗುಣವತಿ ಮನೆಗೆ ಬರುವಾಗ ಗೇಟಿನ ಎದುರು ಕಾರ್ಕಳದ ಕಾರು ನಿಂತಿತ್ತು. ಮೋಹಿನಿ ಚೀಲಗಳನ್ನು ಹಿಂದಿನ ಸೀಟಿನಲ್ಲಿ ಇಡುತ್ತಿದ್ದಳು. ಜಿತೇಶ್ ದಿಂಬು ಹಿಡಿದು ನಿಂತಿದ್ದ. ತಾಯಿಯನ್ನು ಕಂಡು ಕಾರಿನ ಆಚೆ ಬದಿಗೆ ಹೋದ. ಶೀನ ಜಗಲಿಯಲ್ಲಿ ಬಲೆ ಮಡಿಲಲ್ಲಿಟ್ಟು ಸೂಜಿ ಓಡಿಸದೆ ಕೂತಿದ್ದ.

ವಿಜೇತಾ ಒಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಬಾಗಿಲಿಗೆ ಬಂದಳು. ಹೊಸ್ತಿಲ ಗೆರೆ ಅಳಿಯದ ಹಾಗೆ ನಿಧಾನವಾಗಿ ದಾಟಿದಳು. ಅತ್ತೆಯನ್ನು ನೋಡಿ ನಿಂತಳು.

ಗುಣವತಿಯ ತಲೆಯ ಮೇಲೆ ಬುಟ್ಟಿ ಇನ್ನೂ ಇತ್ತು. ಅವಳು ಗಡಿಬಿಡಿಯಿಂದ ಅದನ್ನು ಇಳಿಸಿ, ಹಿತ್ತಿಲ ದಾರಿಗೆ ತಿರುಗಿದಳು. "ಒಂದು ನಿಮಿಷ ಮಗಾ. ಮಿಂದು ಬರ್ತೇನೆ. ಹೋಗ್ಬೇಡ, ಈಗ ಬಂದೆ."

"ಬೇಡ ಮಾಮಿ."

"ವಾಸನೆ ಉಂಟು. ನಿನಗೆ ಆಗುವುದಿಲ್ಲ."

"ಹಾಗೇ ಬನ್ನಿ," ಎಂದಳು ವಿಜೇತಾ. "ಈಗ ನನಗೆ ಎಂತದೂ ಆಗುವುದಿಲ್ಲ."

ಗುಣವತಿ ಹೋಗಲಿಲ್ಲ. ಬುಟ್ಟಿಯಿಂದ ಮೀನಿನ ನೀರು ಅವಳ ಪಾದದ ಬಳಿ ಸಣ್ಣಗೆ ಹರಿಯುತ್ತಿತ್ತು. ವಿಜೇತಾಳೇ ಒಂದೊಂದೇ ಮೆಟ್ಟಿಲು ಇಳಿದು ಅವಳ ಹತ್ತಿರ ಬಂದಳು. ಮುಖ ತಿರುಗಿಸದೆ, ಮೂಗಿಗೆ ಶಾಲು ಒತ್ತದೆ ಒಂದು ಗಳಿಗೆ ಎದುರಿಗೆ ನಿಂತು, ಕಾರಿನ ಕಡೆ ನಡೆದಳು.

ಕಾರು ಹೋದ ಮೇಲೆ ಶೀನ, "ಬಾ, ಗಂಜಿ ಉಣ್ಣುವ," ಎಂದು ಕರೆದ. ಎರಡು ಸಲ ಕರೆದ.

ಗುಣವತಿ ಹಿತ್ತಿಲ ದಾರಿಯಿಂದ ಬಚ್ಚಲಿಗೆ ಹೋದಳು. ಹುಳಿ ತಿಕ್ಕಿದಳು, ಸಾಬೂನು ತಿಕ್ಕಿದಳು, ಲಿಂಬೆ ಎಲೆ ಹಿಸುಕಿ ಹೆಬ್ಬೆಟ್ಟನ್ನು ಉಜ್ಜಿದಳು. ಆಮೇಲೆ ಕೈಯನ್ನು ಮುಂದೆ ಚಾಚಿ, ಮೂಸಿ ನೋಡುವವರು ಯಾರೂ ಇಲ್ಲದೆ, ಹಾಗೇ ಹಿಡಿದುಕೊಂಡು ಕೂತಳು.